ಮದ್ದಿಲ್ಲದ ಮಾಟ

ಒಂದು ಕಾಲಕ್ಕೆ ಮಾಟವೆಂದರೆ ಗೊಂಬೆ, ಸೂಜಿ, ಬೇರು, ಬೂದಿ. ಇಂದಿನ ಬ್ರಿಟನ್ ಮತ್ತು ಅಮೆರಿಕದ ‘ವಿಚ್’ಗಳು ಸಾಮಗ್ರಿಯನ್ನು ಪಕ್ಕಕ್ಕಿಟ್ಟು, ಮನಸ್ಸಿನ ಉದ್ದೇಶವೇ ಮುಖ್ಯ ಎನ್ನುತ್ತಾರೆ. ಈ ಪಲ್ಲಟ ಹೇಗಾಯಿತು? ಅದರಿಂದ ಬಂದ ತೊಡಕುಗಳೇನು?

ಇಂಗ್ಲೆಂಡಿನ ಸಾಮರ್‌ಸೆಟ್ ಸೀಮೆಯ ಪಬ್ಬೊಂದರಲ್ಲಿ 1872ರಲ್ಲಿ ಹೊಗೆಗೂಡಿನೊಳಗಿಂದ ಕೆಲವು ಈರುಳ್ಳಿಗಳು ಕೆಳಗುರುಳಿದವು. ಈರುಳ್ಳಿಗೆ ಚೀಟಿ, ಚೀಟಿ ಕಳಚದಂತೆ ಗುಂಡುಸೂಜಿಗಳು. ಚೀಟಿಯಲ್ಲಿದ್ದದ್ದು ಅದೇ ಆಸುಪಾಸಿನ ಜನರ ಹೆಸರು. ಹೊಗೆಗೆ ಈರುಳ್ಳಿ ಹೇಗೆ ಸುಕ್ಕುಗಟ್ಟುತ್ತದೋ ಹಾಗೆ ಹೆಸರಿನ ಮನುಷ್ಯನೂ ಸೊರಗಿಹೋಗಲಿ ಎಂಬುದು ಕಟ್ಟಿದವರ ಲೆಕ್ಕಾಚಾರ. ಸುದ್ದಿ ಮಾನವಶಾಸ್ತ್ರಜ್ಞ ಇ.ಬಿ. ಟೈಲರ್ ಅವರ ಕಿವಿಗೆ ಬಿತ್ತು. ಅವರ ಕೈ ಸೇರಿದ ಆ ಈರುಳ್ಳಿಗಳಲ್ಲೊಂದು ಈಗ ಆಕ್ಸ್‌ಫರ್ಡಿನ ಪಿಟ್ ರಿವರ್ಸ್ ಮ್ಯೂಸಿಯಂನ ಸಂಗ್ರಹದಲ್ಲಿದೆ. ಒಣಗಿ ಕಪ್ಪಾಗಿದೆ, ಚೀಟಿ ಮಾತ್ರ ಇನ್ನೂ ಅಂಟಿಕೊಂಡಿದೆ.

ಈಗ ಟಿಕ್‌ಟಾಕ್‌ನ ‘ವಿಚ್‌ಟಾಕ್’ ಓಣಿಗೆ ಬರೋಣ. ತಿಂಗಳ ಮೊದಲ ದಿನ ಒಬ್ಬ ಯುವತಿ ಮುಂಬಾಗಿಲ ಹೊರಗೆ ನಿಂತು, ಅಂಗೈಯಲ್ಲಿ ಚಿಟಿಕೆ ದಾಲ್ಚಿನ್ನಿ ಪುಡಿ ಇಟ್ಟುಕೊಂಡು, ಮನೆಯೊಳಕ್ಕೆ ಉಫ್ ಎಂದು ಊದುತ್ತಾಳೆ. ಈ ತಿಂಗಳು ಮನೆಗೆ ದುಡ್ಡು ಬರಲಿ ಎಂಬುದು ಕೋರಿಕೆ. ದಾಲ್ಚಿನ್ನಿ ಇಲ್ಲದಿದ್ದರೆ? ಇದ್ದದ್ದನ್ನು ಬಳಸಿ. ಮಂತ್ರ ಬಾರದಿದ್ದರೆ? ಬಾಯಿಗೆ ಬಂದ ಮಾತು ಸಾಕು. ಹುಣ್ಣಿಮೆ ತಪ್ಪಿಹೋದರೆ? ಪರವಾಗಿಲ್ಲ. ಇಂಥ ವಿಡಿಯೊಗಳಲ್ಲಿ ಪ್ರಶ್ನೆ ಯಾವುದಿದ್ದರೂ ಉತ್ತರ ಬಹುಮಟ್ಟಿಗೆ ಒಂದೇ: ನಿಮ್ಮ ಸಂಕಲ್ಪ ಗಟ್ಟಿಯಾಗಿದ್ದರೆ ಆಯಿತು.

ಹೊಗೆಗೂಡಿನ ಈರುಳ್ಳಿಗೂ ಬಾಗಿಲ ದಾಲ್ಚಿನ್ನಿಗೂ ನಡುವೆ ಹೆಚ್ಚುಕಡಿಮೆ ಒಂದೂವರೆ ಶತಮಾನ. ಅಷ್ಟರಲ್ಲಿ ಮಾಟದ ಶಕ್ತಿ ವಸ್ತುವನ್ನು ಬಿಟ್ಟು ಮನಸ್ಸಿಗೆ ಬಂದು ಕುಳಿತಿತು.

ತಿಳಿಯದೆಯೂ ಮಾಟಗಾರ

ಮಾಟಕ್ಕೆ ಉದ್ದೇಶ ಬೇಕೇಬೇಕು ಎಂಬ ನಿಯಮ ಎಲ್ಲ ಕಡೆ ಇಲ್ಲ. ಇದನ್ನು ಬಿಡಿಸಿ ಹೇಳಿದವರು ಬ್ರಿಟಿಷ್ ಮಾನವಶಾಸ್ತ್ರಜ್ಞ ಇ.ಇ. ಇವಾನ್ಸ್-ಪ್ರಿಚರ್ಡ್. 1920ರ ದಶಕದ ಕೊನೆಯಲ್ಲಿ ದಕ್ಷಿಣ ಸುಡಾನಿನ ಅಜಾಂದೆ ಜನರ ನಡುವೆ ಇದ್ದು ಬಂದ ಅವರು 1937ರಲ್ಲಿ ಪ್ರಕಟಿಸಿದ ಗ್ರಂಥ ಇಂದಿಗೂ ಈ ವಿಷಯದ ಮೂಲಪಾಠ. ಅಜಾಂದೆಯರ ನಂಬಿಕೆಯಲ್ಲಿ ‘ಮಾಂಗು’ ಎಂಬುದು ಹೊಟ್ಟೆಯೊಳಗಿರುವ ಒಂದು ಪದಾರ್ಥ. ತಂದೆಯಿಂದ ಮಗನಿಗೆ, ತಾಯಿಯಿಂದ ಮಗಳಿಗೆ ಬರುವಂಥದ್ದು. ಅದಿದ್ದವನು ತನಗೇ ಗೊತ್ತಿಲ್ಲದೆ ಇನ್ನೊಬ್ಬನಿಗೆ ಕೇಡು ತರಬಲ್ಲ.

ಊರಿನಲ್ಲಿ ಯಾರೋ ಕಾಯಿಲೆ ಬಿದ್ದಾಗ ಕೋಳಿಗೆ ವಿಷವಿಕ್ಕಿ ಕಣಿ ಕೇಳುತ್ತಿದ್ದರು. ಕಣಿಯಲ್ಲಿ ಒಬ್ಬನ ಹೆಸರು ಬಂದರೆ ಸತ್ತ ಕೋಳಿಯ ರೆಕ್ಕೆಯನ್ನು ಅವನ ಮುಂದೆ ತಂದಿಡುತ್ತಿದ್ದರು. ಅವನು ಜಗಳಕ್ಕೆ ನಿಲ್ಲುತ್ತಿರಲಿಲ್ಲ. ಸೋರೆಬುರುಡೆಯ ನೀರನ್ನು ಬಾಯಿಗೆ ತುಂಬಿಕೊಂಡು ರೆಕ್ಕೆಯ ಮೇಲೆ ಉಗುಳಿ, ನನ್ನೊಳಗೆ ಅಂಥದ್ದೇನಾದರೂ ಇದ್ದರೆ ನನಗದರ ಅರಿವಿಲ್ಲ, ಅದು ತಣ್ಣಗಾಗಲಿ ಎನ್ನುತ್ತಿದ್ದ. ಅಲ್ಲಿಗೆ ಮಾತು ಮುಗಿಯಿತು. ಬೇಕೆಂದೇ ಬೇರು-ಮದ್ದು ಬಳಸಿ ಕೇಡು ಮಾಡುವವನ ಕಥೆ ಬೇರೆ. ಅವನನ್ನು ಅಜಾಂದೆಯರು ಇನ್ನೊಂದೇ ಗುಂಪಿಗೆ ಸೇರಿಸುತ್ತಿದ್ದರು.

ನಮ್ಮ ಊರುಗಳಲ್ಲೂ ಮೂರುದಾರಿ ಕೂಡುವಲ್ಲಿ ಕುಂಕುಮ ಹಚ್ಚಿದ ನಿಂಬೆಹಣ್ಣು ಬಿದ್ದಿದ್ದರೆ ಸುತ್ತಿಬಳಸಿ ಹೋಗುವವರಿದ್ದಾರೆ. ನೋಡದೆ ತುಳಿದವನಿಗೂ ಅದು ತಟ್ಟುತ್ತದೆ ಎಂಬ ಹೆದರಿಕೆ ಅದು. ಅಲ್ಲಿ ಕೆಲಸ ಮಾಡುವುದು ವಸ್ತು. ತುಳಿದವನ ಮನಸ್ಸಿನಲ್ಲಿ ಏನಿತ್ತೆಂದು ನಿಂಬೆಹಣ್ಣು ಕೇಳುವುದಿಲ್ಲ.

ಇಚ್ಛೆ ಒಳಬಂದ ಬಗೆ

ಆಧುನಿಕ ಪಶ್ಚಿಮದಲ್ಲಿ ಈ ಲೆಕ್ಕ ತಲೆಕೆಳಗಾದದ್ದರಲ್ಲಿ ದೊಡ್ಡ ಪಾಲು ಅಲಿಸ್ಟರ್ ಕ್ರೌಲಿಯದು. ಪತ್ರಿಕೆಗಳು ದುಷ್ಟನೆಂದು ಜರಿದ, ಯೋಗ ಕಲಿಯಲು ಸಿಂಹಳದವರೆಗೆ ಹೋಗಿಬಂದ ಈ ಇಂಗ್ಲಿಷ್ ಮಾಂತ್ರಿಕ, ಮನುಷ್ಯನ ಸಂಕಲ್ಪಕ್ಕೆ ಅನುಗುಣವಾಗಿ ಬದಲಾವಣೆ ತರುವ ಕಲೆ ಮತ್ತು ವಿಜ್ಞಾನವೇ ಮಾಂತ್ರಿಕತೆ ಎಂದು ವ್ಯಾಖ್ಯಾನ ಕೊಟ್ಟ. ಅದಕ್ಕೆ ಅವನು ಆರಿಸಿದ ಉದಾಹರಣೆ ತಮಾಷೆಯಾಗಿದೆ. ನಾಲ್ಕು ಸಂಗತಿ ಜಗತ್ತಿಗೆ ತಿಳಿಸಬೇಕೆಂಬುದು ನನ್ನ ಇಚ್ಛೆ. ಅದಕ್ಕೆ ಲೇಖನಿ, ಶಾಯಿ, ಕಾಗದವೆಂಬ ಆಯುಧ ಹಿಡಿಯುತ್ತೇನೆ, ಮುದ್ರಕರನ್ನೂ ಪ್ರಕಾಶಕರನ್ನೂ ಕರೆಯುತ್ತೇನೆ, ಪುಸ್ತಕ ಹೊರಬರುತ್ತದೆ. ಇದೂ ಮಾಂತ್ರಿಕ ಕ್ರಿಯೆಯೇ ಎಂದ. ಅಂದರೆ ಬೇಕೆಂದು ಮಾಡಿದ ಪ್ರತಿ ಕೆಲಸವೂ ಮಾಟವೇ. ವ್ಯಾಖ್ಯಾನ ಇಷ್ಟು ಅಗಲವಾದ ಮೇಲೆ ಬೇರು-ನಾರಿಗೆ ಉಳಿದ ಜಾಗ ಕಿರಿದಾಯಿತು.

ಡಯಾನ್ ಫಾರ್ಚೂನ್ ಎಂಬ ಹೆಸರಿನಲ್ಲಿ ಬರೆಯುತ್ತಿದ್ದ ಬ್ರಿಟಿಷ್ ಮಾಂತ್ರಿಕೆ ವಯಲೆಟ್ ಫರ್ತ್ ಒಂದು ಹೆಜ್ಜೆ ಮುಂದೆ ಹೋದರು. ಅವರ ಪ್ರಕಾರ ಬದಲಾಗಬೇಕಾದದ್ದು ಹೊರಗಿನ ಜಗತ್ತಿಗಿಂತ ಮೊದಲು ಪ್ರಜ್ಞೆ. ಎರಡನೇ ಮಹಾಯುದ್ಧ ಶುರುವಾದಾಗ, 1939ರ ಅಕ್ಟೋಬರಿನಿಂದ, ಅವರು ತಮ್ಮ ಶಿಷ್ಯರಿಗೆ ಪತ್ರಗಳನ್ನು ಕಳಿಸತೊಡಗಿದರು. ಗೊತ್ತಾದ ಹೊತ್ತಿಗೆ ಅವರವರ ಮನೆಯಲ್ಲೇ ಕುಳಿತು, ದೇಶದ ಗಡಿಯನ್ನು ದೇವದೂತರು ಕಾಯುತ್ತಿರುವುದನ್ನು ಕಣ್ಣುಮುಚ್ಚಿ ಕಾಣಬೇಕು. ಸಾಮಗ್ರಿಯ ಪಟ್ಟಿ ಇಲ್ಲ. ಒಂದು ಕುರ್ಚಿ, ಒಂದಿಷ್ಟು ಹೊತ್ತು, ಏಕಾಗ್ರ ಮನಸ್ಸು.

ಲಂಡನ್ನಿನ ಚಿತ್ರಕಾರ ಆಸ್ಟಿನ್ ಆಸ್‌ಮನ್ ಸ್ಪೇರ್ 1913ರ ತನ್ನ ಪುಸ್ತಕದಲ್ಲಿ ಇದಕ್ಕೊಂದು ಕೈಕಸುಬಿನ ರೂಪ ಕೊಟ್ಟ. ನಿಮಗೆ ಬೇಕಾದದ್ದನ್ನು ಒಂದು ವಾಕ್ಯದಲ್ಲಿ ಬರೆಯಿರಿ. ಮತ್ತೆ ಮತ್ತೆ ಬಂದ ಅಕ್ಷರಗಳನ್ನು ಹೊಡೆದುಹಾಕಿ. ಉಳಿದ ಅಕ್ಷರಗಳನ್ನು ಒಂದರ ಮೇಲೊಂದು ಹೆಣೆದು, ಓದಲು ಬಾರದ ಒಂದು ಗುರುತು ಮಾಡಿ. ಅದರ ಮೇಲೆ ಮನಸ್ಸು ನೆಟ್ಟು, ಆಮೇಲೆ ಮರೆತುಬಿಡಿ. ಬಯಕೆಯನ್ನು ಮರೆತರೇನೇ ಅದು ಒಳಮನಸ್ಸಿಗೆ ಇಳಿಯುವುದು ಎಂಬುದು ಅವನ ವಾದ. 1970ರ ದಶಕದ ಕೊನೆಗೆ ಪೀಟರ್ ಕ್ಯಾರೊಲ್ ಮತ್ತು ರೇ ಶರ್ವಿನ್ ಕಟ್ಟಿದ ‘ಕೇಯಾಸ್ ಮ್ಯಾಜಿಕ್’ ಪಂಥ ಈ ‘ಸಿಜಿಲ್’ ವಿಧಾನವನ್ನೇ ಬೆನ್ನೆಲುಬು ಮಾಡಿಕೊಂಡಿತು. ದೇವರು, ದೆವ್ವ, ಸಂಪ್ರದಾಯ ಎಲ್ಲ ಬೇಕಾದಾಗ ತೊಟ್ಟು ಬೇಡವಾದಾಗ ಕಳಚುವ ಅಂಗಿ ಎಂದಿತು.

ನಿವೃತ್ತ ಅಧಿಕಾರಿಯ ಹೊಸ ಧರ್ಮ

ಈ ವಿಚಾರಗಳನ್ನೆಲ್ಲ ಬಳಸಿ ಒಂದು ಧರ್ಮವನ್ನೇ ಎಬ್ಬಿಸಿದವರು ಜೆರಾಲ್ಡ್ ಗಾರ್ಡ್ನರ್. ಸಿಂಹಳದ ತೋಟಗಳಲ್ಲಿ ದುಡಿದು, ಮಲಯಾದಲ್ಲಿ ಸುಂಕದ ಅಧಿಕಾರಿಯಾಗಿದ್ದು, 1936ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿಗೆ ಮರಳಿದ ಅವರು, 1939ರಲ್ಲಿ ನ್ಯೂ ಫಾರೆಸ್ಟ್ ಸೀಮೆಯ ಗುಟ್ಟಿನ ಗುಂಪೊಂದರಲ್ಲಿ ತಮಗೆ ದೀಕ್ಷೆಯಾಯಿತು ಎಂದು ಹೇಳಿಕೊಂಡರು. 1940ರಲ್ಲಿ ಆ ಗುಂಪು ಕಾಡಿನಲ್ಲಿ ಸೇರಿ, ನೀನು ಸಮುದ್ರ ದಾಟಲಾರೆ ಎಂಬ ಯೋಚನೆಯನ್ನು ಹಿಟ್ಲರನ ತಲೆಗೆ ತೂರಿತಂತೆ. 1947ರಲ್ಲಿ ಮುದಿ ಕ್ರೌಲಿಯನ್ನೂ ಅವರು ಭೇಟಿಯಾದರು. 1951ರಲ್ಲಿ ಹಳೆಯ ವಿಚ್‌ಕ್ರಾಫ್ಟ್ ಕಾಯ್ದೆ ರದ್ದಾಯಿತು. 1954ರಲ್ಲಿ ಗಾರ್ಡ್ನರ್ ಅವರ ‘ವಿಚ್‌ಕ್ರಾಫ್ಟ್ ಟುಡೇ’ ಹೊರಬಂತು. ಇಂದು ನಾವು ವಿಕ್ಕಾ ಎನ್ನುವುದು ಅಲ್ಲಿಂದ ಚಿಗುರಿದ್ದು. ತಾನು ಆದಿಕಾಲದ್ದು ಎಂಬ ಅದರ ವಾದವನ್ನು ಬ್ರಿಸ್ಟಲ್ ವಿಶ್ವವಿದ್ಯಾಲಯದ ಇತಿಹಾಸಕಾರ ರೊನಾಲ್ಡ್ ಹಟ್ಟನ್ 1999ರ ಗ್ರಂಥದಲ್ಲಿ ಕೂಲಂಕಷವಾಗಿ ಪರಿಶೀಲಿಸಿ, ಇದು ಇಪ್ಪತ್ತನೇ ಶತಮಾನದ ಹೊಸ ಕಟ್ಟಡವೆಂದು ತೋರಿಸಿದರು.

1953ರಲ್ಲಿ ಗಾರ್ಡ್ನರ್ ಅವರಿಂದ ದೀಕ್ಷೆ ಪಡೆದ ಡೋರೀನ್ ವ್ಯಾಲಿಯೆಂಟ್ ಈ ಧರ್ಮದ ಮಾತಿನ ಕಸುಬನ್ನು ಕೈಗೆತ್ತಿಕೊಂಡರು. ಕ್ರೌಲಿಯಿಂದ ಎರವಲು ತಂದ ಸಾಲುಗಳನ್ನು ಕಿತ್ತು, ತಮ್ಮದೇ ಪದ್ಯ-ಗದ್ಯ ತುಂಬಿದರು. 1964ರಲ್ಲಿ ಅವರು ಒಂದು ಭಾಷಣದಲ್ಲಿ ಸಾರ್ವಜನಿಕವಾಗಿ ಹೇಳಿದ ಸೂತ್ರವೇ ಮುಂದೆ ವಿಕ್ಕಾದ ನೀತಿಸಂಹಿತೆಯಾಯಿತು: ಯಾರಿಗೂ ಕೇಡಾಗದಿದ್ದರೆ ನಿನ್ನ ಇಚ್ಛೆಯಂತೆ ಮಾಡಬಹುದು. ಇದರ ಜೊತೆಗೆ, ಮಾಡಿದ್ದು ಮೂರು ಪಟ್ಟಾಗಿ ಮಾಡಿದವರಿಗೇ ಮರಳುತ್ತದೆ ಎಂಬ ‘ಮೂರು ಪಟ್ಟಿನ ನಿಯಮ’ವೂ ಸೇರಿಕೊಂಡಿತು. ಮಾಟಗಾತಿಯೆಂದರೆ ಕೇಡಿ ಎಂಬ ಶತಮಾನಗಳ ಆರೋಪಕ್ಕೆ ಉತ್ತರ ಸಿಕ್ಕಿತು: ಅವಳ ಮನಸ್ಸಿನಲ್ಲಿರುವುದೇನು ಎಂದು ಕೇಳಿ.

ಅಲ್ಲಿಯವರೆಗೂ ದೀಕ್ಷೆಗೆ ಗುಂಪು ಬೇಕಿತ್ತು, ಗುರು ಬೇಕಿತ್ತು. 1988ರಲ್ಲಿ ಅಮೆರಿಕದ ಸ್ಕಾಟ್ ಕನ್ನಿಂಗ್‌ಹ್ಯಾಮ್ ಒಂಟಿಯಾಗಿ ಆಚರಿಸುವವರಿಗೆಂದೇ ಕೈಪಿಡಿ ಬರೆದು ಆ ಗೇಟನ್ನೂ ತೆರೆದಿಟ್ಟರು. ನಿಮಗೆ ನೀವೇ ದೀಕ್ಷೆ ಕೊಟ್ಟುಕೊಳ್ಳಬಹುದು ಎಂದಾಯಿತು. ಬೇಕಾದ ಗಿಡಮೂಲಿಕೆ ಸಿಗದಿದ್ದರೆ ರೋಸ್‌ಮರಿ ಹಾಕಿ ಎಂಬ ಸುಲಭೋಪಾಯವೂ ಅವರ ಬರಹದಿಂದಲೇ ಹರಡಿದ್ದು. ಗುರು, ಗುಂಪು, ಮೂಲಿಕೆ ಮೂರನ್ನೂ ತೆಗೆದ ಮೇಲೆ ಉಳಿದದ್ದು ಆಚರಿಸುವವರ ಉದ್ದೇಶವೊಂದೇ. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 74 ಸಾವಿರ ಜನ ತಮ್ಮ ಧರ್ಮ ‘ಪೇಗನ್’ ಎಂದೂ, ಸುಮಾರು 13 ಸಾವಿರ ಜನ ‘ವಿಕ್ಕಾ’ ಎಂದೂ ಬರೆಸಿದರು.

ಭಾರತದಲ್ಲಿ ‘ವಿಚ್’ ಎಂಬ ಹೆಸರನ್ನು ತಾವಾಗಿ ಹೊತ್ತವರು ಬೆರಳೆಣಿಕೆ. ಕೋಲ್ಕತ್ತದ ಇಪ್ಸಿತಾ ರಾಯ್ ಚಕ್ರವರ್ತಿ ತಾವು ವಿಕ್ಕಾ ಆಚರಿಸುವವರೆಂದು ಬಹಿರಂಗವಾಗಿ ಹೇಳಿ ಸುದ್ದಿಯಾದರು. ಆದರೆ ಜಾರ್ಖಂಡ್, ಅಸ್ಸಾಂನ ಹಳ್ಳಿಗಳಲ್ಲಿ ಅದು ಹೆಂಗಸಿನ ಮೇಲೆ ಬೇರೆಯವರು ಹೊರಿಸುವ ಆರೋಪ. ಆಕೆಯ ಉದ್ದೇಶವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅವಳನ್ನು ಕಾಪಾಡಲು ವಿಶೇಷ ಕಾಯ್ದೆ ಮಾಡಬೇಕಾಯಿತು.

ಕಟ್ಟು ಬೇರೆ, ಕೇಡು ಬೇರೆ

ಒಂದೇ ಕ್ರಿಯೆಗೆ ಉದ್ದೇಶ ಹೇಗೆ ಬೇರೆ ಬೇರೆ ಬಣ್ಣ ಹಚ್ಚುತ್ತದೆ ಎಂಬುದಕ್ಕೆ 2017ರ ಫೆಬ್ರವರಿ ಒಳ್ಳೆಯ ನಿದರ್ಶನ. ಅಮೆರಿಕದ ಬಾಲ್ಟಿಮೋರ್ ಕಡೆಯ ಲೇಖಕ ಮೈಕಲ್ ಹ್ಯೂಸ್, ಅಧ್ಯಕ್ಷ ಟ್ರಂಪ್ ಅವರಿಗೆ ‘ಕಟ್ಟು’ ಹಾಕುವ ವಿಧಿಯೊಂದನ್ನು ಪ್ರಕಟಿಸಿದರು. ಕೃಷ್ಣಪಕ್ಷದ ಚಂದ್ರ ಕ್ಷೀಣಿಸಿದ ರಾತ್ರಿ, ನಡುರಾತ್ರಿಗೆ, ಎಲ್ಲೆಲ್ಲಿದ್ದವರೂ ಏಕಕಾಲಕ್ಕೆ ಮಾಡಬೇಕು. ಬೇಕಾದದ್ದು ಟ್ರಂಪ್ ಅವರ ಒಂದು ಕೆಟ್ಟ ಫೋಟೊ, ಟ್ಯಾರೋ ಎಲೆಗಳಲ್ಲಿ ‘ಗೋಪುರ’ದ್ದು, ಕಿತ್ತಳೆ ಬಣ್ಣದ ಮೋಂಬತ್ತಿಯ ತುಂಡು. ಮೋಂಬತ್ತಿ ಸಿಗದವರು ಪುಟ್ಟ ಕ್ಯಾರೆಟ್ ಇಟ್ಟು ಕೆಲಸ ಸಾಗಿಸಿದರು.

ಕ್ಯಾರೆಟ್ಟಿನ ಬಗ್ಗೆ ಯಾರೂ ತಕರಾರು ತೆಗೆಯಲಿಲ್ಲ. ತಕರಾರು ಎದ್ದದ್ದು ಉದ್ದೇಶದ ಬಗ್ಗೆ. ಒಬ್ಬರ ಒಪ್ಪಿಗೆಯಿಲ್ಲದೆ ಅವರ ಮೇಲೆ ಮಾಟ ಮಾಡುವುದು ವ್ಯಾಲಿಯೆಂಟ್ ಸೂತ್ರಕ್ಕೆ ವಿರೋಧವಲ್ಲವೇ ಎಂದು ಕೆಲವು ವಿಕ್ಕನ್ನರು ಕೇಳಿದರು. ಹ್ಯೂಸ್ ಅವರ ಸಮಾಧಾನ ಹೀಗಿತ್ತು: ಇದು ಆ ವ್ಯಕ್ತಿಗೆ ಕೇಡು ಬಯಸುವುದಲ್ಲ, ಅವರಿಂದ ಬೇರೆಯವರಿಗೆ ಕೇಡಾಗದಂತೆ ತಡೆಯುವುದು. ಮರುವರ್ಷ ಅಕ್ಟೋಬರಿನಲ್ಲಿ ಬ್ರೂಕ್ಲಿನ್ನಿನ ಕ್ಯಾಟ್‌ಲ್ಯಾಂಡ್ ಪುಸ್ತಕದಂಗಡಿಯಲ್ಲಿ ಸೇರಿದವರು ಅಂಥ ನಯನಾಜೂಕು ಮಾಡಲಿಲ್ಲ. ಸುಪ್ರೀಂ ಕೋರ್ಟಿಗೆ ನೇಮಕವಾದ ಬ್ರೆಟ್ ಕವನಾ ಅವರ ಮೇಲೆ ನೇರ ಶಾಪವನ್ನೇ ಹಾಕಿದರು. ಅನ್ಯಾಯಕ್ಕೆ ಎದುರಾಗಿ ಶಪಿಸುವುದು ದುರ್ಬಲರ ಹಳೆಯ ಹಕ್ಕು ಎಂಬುದು ಈ ಬಣದ ನಿಲುವು.

ಲಂಡನ್ನಿನ ಕೋಣೆಗಳಲ್ಲಿ

ಇದನ್ನೆಲ್ಲ ನಂಬುವವರು ಯಾರು, ಹೇಗೆ ನಂಬುತ್ತಾರೆ? 1980ರ ದಶಕದಲ್ಲಿ ಮಾನವಶಾಸ್ತ್ರಜ್ಞೆ ತಾನ್ಯಾ ಲೂರ್‌ಮನ್ ಲಂಡನ್ನಿನ ಇಂಥ ಗುಂಪುಗಳನ್ನು ಸೇರಿ ಅಧ್ಯಯನ ಮಾಡಿ, 1989ರಲ್ಲಿ ಪುಸ್ತಕ ಬರೆದರು. ಅವರಿಗೆ ಎದುರಾದವರಲ್ಲಿ ಹೆಚ್ಚಿನವರು ಓದಿದ ಮಧ್ಯಮವರ್ಗದವರು. ಕಂಪ್ಯೂಟರ್ ಕೆಲಸದವರೂ ಇದ್ದರು. ದಿನವೂ ಒಂದಿಷ್ಟು ಹೊತ್ತು ಕಣ್ಣುಮುಚ್ಚಿ ಒಂದು ಚಿತ್ರವನ್ನು ಮನಸ್ಸಿನಲ್ಲಿ ಬಿಡಿಸುವುದು, ಅದರೊಳಗೆ ನಡೆದಾಡುವುದು, ಕಂಡದ್ದನ್ನು ಡೈರಿಯಲ್ಲಿ ಬರೆಯುವುದು ಅವರ ಅಭ್ಯಾಸ. ಮೊದಲು ಆಟದಂತೆ ತೊಡಗಿದವರು ದಿನ ಕಳೆದಂತೆ ಕಾಕತಾಳೀಯಗಳನ್ನು ಗಮನಿಸತೊಡಗುತ್ತಾರೆ, ಗುಂಪಿನ ಮಾತು ಕಲಿಯುತ್ತಾರೆ, ಜಗತ್ತನ್ನು ಓದುವ ರೀತಿಯೇ ಮೆಲ್ಲಗೆ ಜರುಗುತ್ತದೆ. ನಂಬಿಕೆ ಅಭ್ಯಾಸದ ಬೆನ್ನಿಗೆ ಬರುತ್ತದೆ ಎಂಬುದು ಅವರ ಶೋಧ. ಅವರೂ ಅದೇ ಅಭ್ಯಾಸ ಮಾಡಿದರು. ಒಂದು ಬೆಳಗ್ಗೆ ಎದ್ದಾಗ ಕಿಟಕಿಯ ಬಳಿ ಆರು ಮಂದಿ ಡ್ರೂಯಿಡ್ ಪುರೋಹಿತರು ನಿಂತು ಕರೆದಂತೆ ಕಂಡಿತೆಂದು ಬರೆದಿದ್ದಾರೆ.

ಅಮೆರಿಕದಲ್ಲಿ ಈ ಹೊಳೆಗೆ ಇನ್ನೊಂದು ಉಪನದಿ ಬಂದು ಸೇರಿತು. ಬಾಲ್ಟಿಮೋರಿನಲ್ಲಿ ಹುಟ್ಟಿದ ವಕೀಲ ವಿಲಿಯಂ ವಾಕರ್ ಆಟ್‌ಕಿನ್ಸನ್ 1906ರಲ್ಲೇ ಆಲೋಚನೆಯ ಆಕರ್ಷಣ ನಿಯಮದ ಮೇಲೆ ಪುಸ್ತಕ ಬರೆದಿದ್ದ. ಇದೇ ಮನುಷ್ಯ ‘ಯೋಗಿ ರಾಮಚರಕ’ ಎಂಬ ಹೆಸರಿಟ್ಟುಕೊಂಡು ಪ್ರಾಣಾಯಾಮದ ಪುಸ್ತಕಗಳನ್ನೂ ಮಾರಿದವನು. ಅದೇ ಸರಕು 2006ರಲ್ಲಿ ‘ದಿ ಸೀಕ್ರೆಟ್’ ಎಂಬ ಪುಸ್ತಕವಾಗಿ ಮರಳಿತು. 2024ರಲ್ಲಿ ಕೇಂಬ್ರಿಜ್ ನಿಘಂಟು, ಬಯಸಿದ್ದನ್ನು ಕಲ್ಪಿಸಿಕೊಂಡೇ ಪಡೆಯುವುದು ಎಂಬ ಅರ್ಥದ ‘ಮ್ಯಾನಿಫೆಸ್ಟ್’ ಅನ್ನು ವರ್ಷದ ಪದವಾಗಿ ಆರಿಸುವ ಹೊತ್ತಿಗೆ, ವಿಚ್‌ಟಾಕ್ ಯಾವುದು, ಯಶಸ್ಸಿನ ಪಾಠ ಯಾವುದು ಎಂದು ಬಿಡಿಸುವುದೇ ಕಷ್ಟವಾಗಿತ್ತು.

ಬರಿಯ ಸಂಕಲ್ಪ ಹೊರಗೆ ಏನಾದರೂ ಮಾಡುತ್ತದೆಯೇ? ಇದಕ್ಕೆ ಹತ್ತಿರದ ದೊಡ್ಡ ಪರೀಕ್ಷೆ ನಡೆದದ್ದು ಪ್ರಾರ್ಥನೆಯ ಮೇಲೆ. ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಯಾದ 1,802 ರೋಗಿಗಳ ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಗೊತ್ತಿರದವರಲ್ಲಿ, ಪ್ರಾರ್ಥನೆ ಪಡೆದವರ ಪೈಕಿ ಶೇ 52, ಪಡೆಯದವರ ಪೈಕಿ ಶೇ 51 ಮಂದಿಗೆ ತೊಂದರೆ ಕಾಣಿಸಿತು. ನಿಮಗಾಗಿ ಖಂಡಿತ ಪ್ರಾರ್ಥಿಸುತ್ತಿದ್ದಾರೆ ಎಂದು ಹೇಳಿಸಿಕೊಂಡವರಲ್ಲಿ ಅದು ಶೇ 59! ತನ್ನ ಬಗ್ಗೆಯೇ ತಾನು ಮಾಡಿಕೊಳ್ಳುವ ಕಲ್ಪನೆಯೂ ಕೈಕೊಡಬಹುದು. ಮನಶ್ಶಾಸ್ತ್ರಜ್ಞೆ ಗೇಬ್ರಿಯೆಲ್ ಎಟಿಂಗನ್ ತೂಕ ಇಳಿಸುವ ಕಾರ್ಯಕ್ರಮ ಸೇರಿದ್ದ ಹೆಂಗಸರನ್ನು ಗಮನಿಸಿದಾಗ, ತೆಳ್ಳಗಾದ ತಮ್ಮ ಸುಂದರ ಚಿತ್ರ ಕಂಡು ಸುಖಿಸಿದವರೇ ಕಡಿಮೆ ತೂಕ ಇಳಿಸಿದ್ದರು. ‘ಹೀಗಾದಾಗ ಹೀಗೆ ಮಾಡುತ್ತೇನೆ’ ಎಂದು ಸಮಯ-ಸಂದರ್ಭ ಗೊತ್ತುಮಾಡಿಕೊಂಡ ಉದ್ದೇಶ ಮಾತ್ರ ಫಲ ಕೊಡುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್‌ವಿಟ್ಸರ್ ಅವರ ಸಂಶೋಧನೆ ತೋರಿಸಿದೆ. ಪಳಗಿದ ವಿಚ್‌ಗಳೂ ಇದನ್ನೇ ತಮ್ಮ ರೀತಿಯಲ್ಲಿ ಹೇಳುತ್ತಾರೆ: ಕೆಲಸಕ್ಕಾಗಿ ಮೋಂಬತ್ತಿ ಹಚ್ಚಿದ ಮೇಲೆ ಅರ್ಜಿಯನ್ನೂ ಹಾಕಬೇಕು.

ಒಳ್ಳೆಯ ಮನಸ್ಸು ಸಾಕೇ?

2018ರಲ್ಲಿ ಪಿನ್‌ರೋಸ್ ಎಂಬ ಸುಗಂಧದ ಬ್ರ್ಯಾಂಡ್ ‘ಸ್ಟಾರ್ಟರ್ ವಿಚ್ ಕಿಟ್’ ತಯಾರಿಸಿ, ಸೆಫೊರಾ ಮಳಿಗೆಗಳಲ್ಲಿ ಮಾರಲು ಹೊರಟಿತು. 42 ಡಾಲರ್ ಬೆಲೆಯ ಪೆಟ್ಟಿಗೆಯಲ್ಲಿ ಟ್ಯಾರೋ ಎಲೆಗಳು, ಗುಲಾಬಿ ಬಣ್ಣದ ಸ್ಫಟಿಕ, ಅತ್ತರು, ಬಿಳಿ ಸೇಜ್ ಗಿಡದ ಒಂದು ಕಟ್ಟು. ಸೇಜ್ ಹೊಗೆ ಅಮೆರಿಕದ ಮೂಲನಿವಾಸಿಗಳ ಪೂಜೆಯ ಭಾಗ; 1978ರ ಕಾಯ್ದೆಯವರೆಗೂ ಅವರಿಗೆ ತಮ್ಮ ವಿಧಿಗಳನ್ನು ನಿರಾತಂಕವಾಗಿ ಮಾಡುವ ಖಾತರಿಯೇ ಇರಲಿಲ್ಲ. ಮೂಲನಿವಾಸಿಗಳೂ ವಿಚ್‌ಗಳೂ ಒಟ್ಟಿಗೆ ಬೈದರು. ಕಂಪನಿ ಕ್ಷಮೆ ಕೇಳಿ ಪೆಟ್ಟಿಗೆಯನ್ನು ಹಿಂದಕ್ಕೆ ಪಡೆಯಿತು. ನಮ್ಮ ಉದ್ದೇಶ ಒಳ್ಳೆಯದಿತ್ತು ಎಂಬ ಮಾತು, ಬೆಟ್ಟದಲ್ಲಿ ಕಿತ್ತುಹೋದ ಗಿಡಕ್ಕೆ ಲಾಗೂ ಆಗುವುದಿಲ್ಲ ಎಂಬುದು ವಿಚ್ ವಲಯದಲ್ಲೇ ಅಂದು ಕೇಳಿಬಂದ ಟೀಕೆ.

ಇನ್ನೊಂದು ತೊಡಕು ಮನೆಯೊಳಗಿನದು. ಈರುಳ್ಳಿ ಕೆಲಸ ಮಾಡದಿದ್ದರೆ ಸೂಜಿಯನ್ನೋ ಹೊಗೆಯನ್ನೋ ದೂರಬಹುದಿತ್ತು. ಎಲ್ಲವೂ ಸಂಕಲ್ಪದ ಮೇಲೇ ನಿಂತಾಗ, ಫಲ ಬರದಿದ್ದರೆ ತಪ್ಪು ನೆಟ್ಟಗೆ ಆಚರಿಸಿದವರ ತಲೆಗೆ ಬರುತ್ತದೆ. ನಿನ್ನ ಮನಸ್ಸಿನಲ್ಲಿ ಸಂದೇಹವಿತ್ತು, ನೀನು ಪೂರ್ತಿ ಬಯಸಲಿಲ್ಲ ಎನ್ನುತ್ತಾರೆ. ಕಾಯಿಲೆಯವರಿಗೆ, ಕೆಲಸ ಕಳೆದುಕೊಂಡವರಿಗೆ ಈ ಮಾತು ಗಾಯದ ಮೇಲಿನ ಬರೆ. ಕಾರ್ನ್‌ವಾಲ್ ಮುಂತಾದೆಡೆ ‘ಸಾಂಪ್ರದಾಯಿಕ ವಿಚ್‌ಕ್ರಾಫ್ಟ್’ ಎಂದು ಕರೆದುಕೊಳ್ಳುವ ಬಣ ಇದಕ್ಕೇ ಬೆನ್ನು ತಿರುಗಿಸಿದೆ. ಅವರಿಗೆ ಗಿಡ, ಕಲ್ಲು, ಬಾವಿ, ಊರಿನ ಮಣ್ಣು ಎಲ್ಲಕ್ಕೂ ತಮ್ಮದೇ ಸತ್ವವಿದೆ. ರೋಸ್‌ಮರಿ ಎಲ್ಲಕ್ಕೂ ಬದಲಿಯಾಗಲಾರದು.

ಕಾನೂನಿನ ಎದುರು ದಿಕ್ಕು

ಬ್ರಿಟನ್ನಿನ ಕಾನೂನು ಮಾತ್ರ ಕೊನೆಗೆ ಎದುರು ದಿಕ್ಕಿಗೆ, ಉದ್ದೇಶದಿಂದ ದೂರಕ್ಕೆ, ನಡೆದದ್ದು ಸೋಜಿಗ. 1735ರ ವಿಚ್‌ಕ್ರಾಫ್ಟ್ ಕಾಯ್ದೆ ಮಾಟವನ್ನು ಅಪರಾಧವೆಂದು ಕಾಣುವುದನ್ನು ನಿಲ್ಲಿಸಿ, ಮಾಟ ಬಲ್ಲೆನೆಂದು ನಟಿಸುವುದನ್ನು ಅಪರಾಧ ಮಾಡಿತು. 1944ರಲ್ಲಿ ಹೆಲೆನ್ ಡಂಕನ್ ಎಂಬ ಸ್ಕಾಟಿಷ್ ಮಹಿಳೆ, ಸತ್ತವರೊಂದಿಗೆ ಮಾತಾಡಿಸುತ್ತೇನೆ ಎಂದದ್ದಕ್ಕೆ ಅದೇ ಕಾಯ್ದೆಯಡಿ ಒಂಬತ್ತು ತಿಂಗಳ ಸಜೆ ಪಡೆದರು. 1951ರ ಹೊಸ ಕಾಯ್ದೆ ಉದ್ದೇಶಕ್ಕೆ ಮನ್ನಣೆ ಕೊಟ್ಟಿತು: ಮೋಸ ಮಾಡುವ ಉದ್ದೇಶವಿತ್ತೆಂದು ಪ್ರಾಸಿಕ್ಯೂಷನ್ ರುಜುವಾತು ಮಾಡಬೇಕಿತ್ತು. ಪ್ರಾಮಾಣಿಕವಾಗಿ ನಂಬಿದವರು ಪಾರಾಗುತ್ತಿದ್ದರು. 2008ರಲ್ಲಿ ಅದೂ ಹೋಗಿ ಗ್ರಾಹಕ ರಕ್ಷಣೆಯ ನಿಯಮಗಳು ಬಂದವು. ಅಲ್ಲಿ ಕೇಳುತ್ತಿದ್ದ ಪ್ರಶ್ನೆ, ಸಾಮಾನ್ಯ ಗ್ರಾಹಕ ದಾರಿ ತಪ್ಪುವಂತಾಯಿತೇ ಎಂಬುದಾಗಿತ್ತು. ಸತ್ತವರೊಂದಿಗೆ ಮಾತಾಡಿಸುತ್ತೇವೆ ಎನ್ನುವ ‘ಮೀಡಿಯಂ’ಗಳು ಇದನ್ನು ಪ್ರತಿಭಟಿಸಿದರು. ಹಲವರು ‘ಮನರಂಜನೆಗೆ ಮಾತ್ರ’ ಎಂಬ ಸಾಲು ಸೇರಿಸಿದರು.

ಕರ್ನಾಟಕದ ಕಾಯ್ದೆಯೂ ಬಹುಮಟ್ಟಿಗೆ ಕೃತ್ಯವನ್ನೇ ನೋಡುತ್ತದೆ. 2017ರಲ್ಲಿ ಶಾಸನಸಭೆ ಒಪ್ಪಿ, 2020ರ ಜನವರಿಯಲ್ಲಿ ಜಾರಿಗೆ ಬಂದ ಅಮಾನವೀಯ ದುಷ್ಟ ಪದ್ಧತಿ ಮತ್ತು ವಾಮಾಚಾರ ತಡೆ ಕಾಯ್ದೆ, ನಿಷೇಧಿತ ಆಚರಣೆಗಳ ಪಟ್ಟಿಯನ್ನೇ ಕೊಡುತ್ತದೆ. ಪ್ರದಕ್ಷಿಣೆ, ಯಾತ್ರೆ, ಹರಿಕಥೆ, ಭಜನೆಯಂಥವನ್ನು ಹೊರಗಿಡುತ್ತದೆ. ಭಕ್ತಿಯಿಂದಲೇ ಮಾಡಿದೆ ಎಂಬುದು ಪಟ್ಟಿಯಲ್ಲಿರುವ ಕೃತ್ಯಕ್ಕೆ ರಕ್ಷೆಯಾಗುವುದಿಲ್ಲ.

ಮಾರುಕಟ್ಟೆಗೂ ಇದೇ ಬಿಕ್ಕಟ್ಟು. ಇಬೇ 2012ರಲ್ಲಿ ಮಾಟ, ಶಾಪ, ಆಶೀರ್ವಾದಗಳ ಮಾರಾಟವನ್ನು ನಿಲ್ಲಿಸಿತು. 2015ರಲ್ಲಿ ಎಟ್ಸಿ, ಪ್ರೀತಿ, ಸೇಡು, ತೂಕ ಇಳಿಕೆಯಂಥ ಫಲದ ಭರವಸೆ ಕೊಡುವ ಸೇವೆಗಳನ್ನು ಮಾರುವಂತಿಲ್ಲ, ಕೊಳ್ಳುವವರ ಕೈಗೆ ಒಂದು ವಸ್ತುವೋ ಫೈಲೋ ತಲುಪಬೇಕು ಎಂದಿತು. ಆದರೂ ವ್ಯಾಪಾರ ನಿಂತಿಲ್ಲ. ಮಾರುವವರು ಉರಿದ ಮೋಂಬತ್ತಿಯ ಫೋಟೊ ಕಳಿಸುತ್ತಾರೆ, ಇಲ್ಲವೇ ಪಿಡಿಎಫ್ ವರದಿ. ಸಂಕಲ್ಪ ಸ್ವಂತದ್ದಾಗಿರಬೇಕು ಎಂದ ಮೇಲೆ ಅದನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಡಲು ಬರುತ್ತದೆಯೇ ಎಂದು ಹಳೆಯ ಕೈಗಳು ತಕರಾರು ತೆಗೆದರೆ, ಕೆಲವು ಅಂಗಡಿಯವರು ಅದಕ್ಕೂ ದಾರಿ ಮಾಡಿಕೊಂಡಿದ್ದಾರೆ: ದುಡ್ಡು ಕಟ್ಟಿದವರು ತಮ್ಮ ಕೋರಿಕೆಯನ್ನು ಮೆಸೇಜಿನಲ್ಲಿ ಬರೆದು ಕಳಿಸಬೇಕು, ಗೊತ್ತಾದ ಹೊತ್ತಿಗೆ ತಮ್ಮ ಮನೆಯಲ್ಲೂ ಒಂದು ಮೋಂಬತ್ತಿ ಹಚ್ಚಿಕೊಂಡು ಕೂರಬೇಕು.